ಓಬಳೇಶನ ಬಂಡಿ ಮುಂದಿನ ಜಾಗ

ಗೋಬಿ ಮಂಚೂರಿ ವಿಶೇಷದ ತಿಂಡಿ ಹೌದೋ ಅಲ್ಲವೋ ಅಂತ ಯಾರಾದರೂ ನನ್ನ ಮುಂದೆ ಬಾಯಿ ತೆಗೆದರೆ ನಾನು ಸುಮ್ಮನೆ ಬಿಡುವವಳಲ್ಲ. ಹೌದು ಅಂತ ಮೊದಲಿನಿಂದಲೂ ಹೇಳಿಕೊಂಡು ಬಂದವಳು ನಾನು. ಅದೂ ನನ್ನ ಅತ್ತೆಯ ಎದುರಿಗೇ ನಿಂತು ಹೇಳಿದವಳು. ನಿಮ್ಮೂರಲ್ಲಿ ಈ ಜಗಳ ತಟ್ಟೆ ತೊಳೆಯುವಷ್ಟರಲ್ಲಿ ಮುಗಿದುಹೋಗಬಹುದು. ನಮ್ಮೂರಲ್ಲಿ ಹಾಗಲ್ಲ. ಇಲ್ಲಿ ಮನೆಯವರೆಲ್ಲ ಒಟ್ಟಿಗೆ ಕೂತು ವಿಶೇಷದ್ದೇನಾದರೂ ತಿಂದರೆ ಗೋಡೆ ಸರಿಯುತ್ತದೆ. ತಿಂದದ್ದು ನಿಜವಾಗಿಯೂ ವಿಶೇಷವಾಗಿದ್ದರೆ ಮಾತ್ರ. ಎಲ್ಲರೂ ಕೈ ತೊಳೆಯಲು ಏಳುವ ಹೊತ್ತಿಗೆ ಗರ್ ಅಂತ ಒಂದು ಸದ್ದಾಗುತ್ತದೆ, ಗೋಡೆ ಒಂದಿಷ್ಟು ಆಚೆ ಹೋಗಿ ನಿಲ್ಲುತ್ತದೆ, ಮನೆ ಅಷ್ಟು ಅಗಲವಾಗುತ್ತದೆ.

ಹುಟ್ಟಿದಾಗಿನಿಂದ ಇದನ್ನೇ ನೋಡಿದವರು ನಾವು, ಯಾರಿಗೂ ಬೆರಗಿಲ್ಲ. ಬೀರುವನ್ನು ಗೋಡೆಗೆ ಒತ್ತಿ ಇಡುವುದಿಲ್ಲ, ಕರೆಂಟಿನ ವೈರನ್ನು ಬಿಗಿಯಾಗಿ ಎಳೆಯುವುದಿಲ್ಲ, ಹೊಸದಾಗಿ ಮದುವೆಯಾದವರು ಜಮಖಾನ ಕೊಳ್ಳುವಾಗ ಒಂದು ಅಳತೆ ದೊಡ್ಡದನ್ನೇ ಕೊಳ್ಳುತ್ತಾರೆ. ಒಂದು ಮನೆಯ ಗೋಡೆ ಸರಿದರೆ ಪಕ್ಕದ ಮನೆಗಳು, ಬಸ್ಸಿನ ಸೀಟಿನಲ್ಲಿ ಜನ ಒತ್ತರಿಸಿಕೊಂಡು ಕೂರುತ್ತಾರಲ್ಲ, ಹಾಗೆ ತಾವೂ ಸರಿದುಕೊಳ್ಳುತ್ತವೆ. ಬೀದಿ ಅಲ್ಲಲ್ಲಿ ಸೊಟ್ಟಗಾಗುತ್ತದೆ, ಅಷ್ಟೇ. ಹೆಣ್ಣು ಕೊಡುವವರು ಹುಡುಗನ ಸಂಬಳ ಕೇಳುವುದಕ್ಕೆ ಮುಂಚೆ ನಡುಮನೆಯ ಅಗಲ ನೋಡುತ್ತಾರೆ. ಅಗಲವಿದ್ದರೆ ಆ ಮನೆಯಲ್ಲಿ ಜನ ಕೂತು ತಿನ್ನುತ್ತಾರೆ ಅಂತ ಅರ್ಥ. ಗಾರೆಯವರಿಗೆ ಇಲ್ಲಿ ಗೋಡೆ ಕಟ್ಟುವ ಕೆಲಸಕ್ಕಿಂತ, ಸರಿದ ಗೋಡೆಯ ಬುಡದಲ್ಲಿ ಹೊಸ ನೆಲ ಹಾಕುವ ಕೆಲಸವೇ ಜಾಸ್ತಿ.

ಯಾವುದಕ್ಕೆ ಗೋಡೆ ಸರಿಯುತ್ತದೆ, ಯಾವುದಕ್ಕೆ ಇಲ್ಲ ಅನ್ನುವುದರಲ್ಲಿ ಊರಿಗೆಲ್ಲ ನನ್ನ ಅತ್ತೆ ಪುಟ್ಟಗೌರಮ್ಮನವರ ಮಾತೇ ಮಾತು. ಯಾರದೋ ಮನೆಯ ಸೊಸೆ ಬೆಳಿಗ್ಗೆ ಬೆಳಿಗ್ಗೆಯೇ ನಮ್ಮ ಮೆಟ್ಟಿಲು ಹತ್ತಿ ಬಂದು, "ಅಮ್ಮಾ, ಬಾಣಂತಿಗೆ ಒಂದು ಕೋಣೆ ಬೇಕಾಗಿದೆ, ಏನು ಮಾಡ್ಲಿ?" ಅಂತ ಕೇಳುತ್ತಾಳೆ. ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸದೆ, "ಗಸಗಸೆ ಪಾಯಸ ಮಾಡು. ಆದ್ರೆ ಗಂಡಸರನ್ನ ಮೊದಲು ಕೂರಿಸಿ ನೀನು ಆಮೇಲೆ ಉಂಡರೆ ಒಂದು ಬೆರಳೂ ಸರಿಯಲ್ಲ, ಈಗಲೇ ಹೇಳಿದ್ದೀನಿ" ಅನ್ನುತ್ತಾರೆ. ಚಿತ್ರಾನ್ನ ವಿಶೇಷವಲ್ಲ. ಕೇಸರಿಬಾತು, ಮನೆಗೆ ನೆಂಟರು ಬಂದಿದ್ದರೆ ವಿಶೇಷ. ಹೋಳಿಗೆ ಯಾವತ್ತಿದ್ದರೂ ವಿಶೇಷ. ಬಂಡಿ ತಿಂಡಿ, ಅಂದರೆ ಗೋಬಿ, ನೂಡಲ್ಸು, ಫ್ರೈಡ್ ರೈಸು ಈ ಫಾಸ್ಟ್ ಫುಡ್ಡಿನ ಬಳಗವೆಲ್ಲ ವಿಶೇಷದ ಹತ್ತಿರಕ್ಕೂ ಬರುವುದಿಲ್ಲ. "ಅವಸರಕ್ಕೆ ಬೇಯಿಸಿದ್ದಕ್ಕೆ ಗೋಡೆ ಯಾಕೆ ಸರೀಬೇಕಮ್ಮಾ?" ಅನ್ನುವುದು ಅವರ ತೀರ್ಪು. ಊರೂ ಒಪ್ಪಿಕೊಂಡಿತ್ತು, ಯಾಕೆಂದರೆ ಪಾರ್ಸೆಲ್ ತಂದ ಗೋಬಿಗೆ ಯಾರ ಮನೆಯ ಗೋಡೆ ಸರಿದದ್ದನ್ನೂ ಯಾರೂ ಕಂಡಿರಲಿಲ್ಲ.

ನಾನು ಮಾತ್ರ ಒಪ್ಪಿರಲಿಲ್ಲ. ನನ್ನ ಹೆಸರು ಚಂದ್ರಕಲಾ, ಕರೆಂಟು ಬಿಲ್ಲು ಕಟ್ಟಿಸಿಕೊಳ್ಳುವ ಕೌಂಟರಿನಲ್ಲಿ ಕೂರುವವಳು. ದಿನವಿಡೀ ಕಿಟಕಿಯ ಆಚೆಯಿಂದ ಬೈಸಿಕೊಂಡು, ಸಾಲದ್ದಕ್ಕೆ ನಾನೂ ನಾಲ್ಕು ಮಾತು ಬೈದು, ಸಂಜೆ ಮನೆಗೆ ಬಂದು ಒಲೆ ಮುಂದೆ ನಿಲ್ಲಬೇಕು ಅಂದರೆ ಕಾಲು ಬರುವುದಿಲ್ಲ ಕಣ್ರೀ. ಅಂಥ ದಿನ ಮಗ ತೇಜುವನ್ನು ಕರೆದುಕೊಂಡು ಅಂಚೆ ಕಚೇರಿ ಪಕ್ಕದ ಓಬಳೇಶನ ಬಂಡಿಗೆ ಹೋಗುತ್ತಿದ್ದೆ. 'ಶ್ರೀ ಬೆಟ್ಟದಮ್ಮ ಚೈನೀಸ್ ಫಾಸ್ಟ್ ಫುಡ್' ಅಂತ ಕೆಂಪು ಬೋರ್ಡು. ಬಿಸಿಬಿಸಿ ಗೋಬಿ, ಮೇಲೆ ಹಸಿ ಈರುಳ್ಳಿ, ಒಂದು ಹೋಳು ನಿಂಬೆಹಣ್ಣು. ತಿಂದು ಮುಗಿಸುವಷ್ಟರಲ್ಲಿ ಮನಸ್ಸು ತಣ್ಣಗಾಗಿರುತ್ತಿತ್ತು, ಕೌಂಟರಿನಲ್ಲಿ ಕೂಗಾಡಿದ್ದೆಲ್ಲ ಮರೆತುಹೋಗಿರುತ್ತಿತ್ತು. "ನಿಮಗೆ ಅಲ್ಲದಿದ್ರೆ ಬೇಡ ಅತ್ತೆ, ನನಗದು ವಿಶೇಷವೇ" ಅಂದರೆ ಅತ್ತೆ ಮೂಗು ಮುರಿಯುತ್ತಿದ್ದರು. ನಮ್ಮನೆಯವರು, ಷಡಕ್ಷರಿ ಅಂತ, ಅತ್ತ ತಾಯಿಯನ್ನೂ ಇತ್ತ ನನ್ನನ್ನೂ ನೋಡದೆ ಪೇಪರಿನಲ್ಲಿ ತಲೆ ಹುದುಗಿಸುತ್ತಿದ್ದರು.

ಇದೆಲ್ಲ ತಮಾಷೆಯಾಗಿಯೇ ನಡೆದುಕೊಂಡು ಹೋಗುತ್ತಿತ್ತು, ನನ್ನ ನಾದಿನಿ ಸರ್ವಮಂಗಳ ಒಂದು ಟ್ರಂಕು ಮತ್ತು ಎಂಟು ವರ್ಷದ ಮಗಳು ಇಂಚರಳ ಜೊತೆ ಬಂದು ಬಾಗಿಲಲ್ಲಿ ನಿಲ್ಲುವವರೆಗೆ. ಅವಳ ಗಂಡ ಇನ್ನೊಂದು ಸಂಸಾರ ಕಟ್ಟಿಕೊಂಡಿದ್ದ. ನಮ್ಮದು ಒಂದು ನಡುಮನೆ, ಒಂದು ಅಡುಗೆಮನೆ, ಒಂದು ಕೋಣೆ. ಕೋಣೆಯಲ್ಲಿ ನಾವು ಮೂವರು, ನಡುಮನೆಯಲ್ಲಿ ಅತ್ತೆಯ ಮಂಚ, ಮಂಚದ ಕೆಳಗೆ ಬದಿಯಲ್ಲಿ ಸರ್ವಮಂಗಳ, ಅಡುಗೆಮನೆಯ ಹೊಸಿಲಿಗೆ ಅಡ್ಡವಾಗಿ ಇಂಚರ. ಯಾರಾದರೂ ನೀರು ಕುಡಿಯಲು ಎದ್ದರೆ ಮಗುವನ್ನು ದಾಟಿಕೊಂಡು ಹೋಗಬೇಕು. ಆ ಹುಡುಗಿ ದಾಟುವವರಿಗೆ ತೊಂದರೆಯಾಗಬಾರದು ಅಂತ ಮಂಡಿಯನ್ನು ಎದೆಗೆ ಸೇರಿಸಿಕೊಂಡು ಮಲಗುವುದನ್ನು ಕಲಿತುಬಿಟ್ಟಿತ್ತು. ಫ್ರಾಕುಗಳನ್ನು ಚಿಕ್ಕದಾಗಿ ಮಡಚಿ, ಟ್ರಂಕಿನ ಒಂದು ಮೂಲೆಗೆ ಮಾತ್ರ ಸೇರಿಸುತ್ತಿತ್ತು. ಊಟಕ್ಕೆ ಕೂತರೆ ಮೊಣಕೈಯನ್ನು ಹೊಟ್ಟೆಗೆ ಅಂಟಿಸಿಕೊಂಡೇ ತಿನ್ನುತ್ತಿತ್ತು.

"ಅತ್ತಿಗೆ, ನಾವು ನಿಮಗೆ ಭಾರ ಆದ್ವಿ" ಅಂತ ಸರ್ವಮಂಗಳ ಒಂದು ದಿನ ಬಟ್ಟೆ ಹಿಂಡುತ್ತಾ ಅಂದಳು. "ಏ, ಸುಮ್ಮನಿರೆ ಸಾಕು" ಅಂತ ಗದರಿದೆ. ಆದರೆ ಅವಳು ಆಗಲೇ ನಿರ್ಧಾರ ಮಾಡಿಕೊಂಡುಬಿಟ್ಟಿದ್ದಳು. ದೂರದ ಊರಿನ ಯಾವುದೋ ಹಾಸ್ಟೆಲ್ಲಿನಲ್ಲಿ ಇಂಚರಳಿಗೆ ಜಾಗ ಸಿಕ್ಕಿತ್ತು. ಶಾಲೆ ಶುರುವಾಗುವ ಹೊತ್ತಿಗೆ ಬಿಟ್ಟು ಬರುವುದು. "ಜಾಗ ಇಲ್ಲದ ಮನೇಲಿ ಹೆಣ್ಣುಮಗು ಹೀಗೆ ಮುದುಡಿಕೊಂಡು ಬೆಳೆಯೋದು ಬೇಡ ಅತ್ತಿಗೆ. ಅಲ್ಲಾದ್ರೆ ಅವಳಿಗೆ ಅಂತ ಒಂದು ಮಂಚ ಆದ್ರೂ ಇರುತ್ತೆ." ಮಗು ಪಕ್ಕದಲ್ಲೇ ನಿಂತಿತ್ತು. ಎಂಟು ವರ್ಷದ ಮಗುವನ್ನು ಒಂದು ಕೋಣೆ ಇಲ್ಲ ಅನ್ನುವ ಕಾರಣಕ್ಕೆ ತಾಯಿಯಿಂದ ಬಿಡಿಸಿ ಕಳಿಸುವುದು ಅಂದರೆ ಏನ್ರೀ? ಕಟ್ಟಿಸೋಣ ಅಂದರೆ ನಮಗೆ ಹಿತ್ತಲೂ ಇಲ್ಲ, ಅಂಗಳವೂ ಇಲ್ಲ. ಇದ್ದದ್ದು ಒಂದೇ ದಾರಿ, ಗೋಡೆ ಸರಿಯಬೇಕು.

ಅತ್ತೆ ಸೆರಗು ಸಿಕ್ಕಿಸಿ ನಿಂತರು. "ಶಾಲೆ ಶುರು ಆಗೋದ್ರೊಳಗೆ ಮಗೂಗೆ ಕೋಣೆ ಮಾಡಿಕೊಡದಿದ್ರೆ ನಾನು ಪುಟ್ಟಗೌರಮ್ಮನೇ ಅಲ್ಲ." ಬೇಳೆ ಬೇಯಿಸಿ, ಬೆಲ್ಲ ಹಾಕಿ, ಮಿಕ್ಸಿ ಬೇಡ ಅಂತ ಹಟ ಹಿಡಿದು ಒರಳಿನಲ್ಲೇ ಹೂರಣ ರುಬ್ಬಿದರು. ಹೋಳಿಗೆ ಬೇಯುವ ಪರಿಮಳ ಬೀದಿಯ ಕೊನೆಯವರೆಗೂ ಹೋಯಿತು. ಎಲ್ಲರೂ ಸುತ್ತ ಕೂತೆವು. ಷಡಕ್ಷರಿಯವರಿಗೆ ಸಕ್ಕರೆ ಕಾಯಿಲೆ, ಅರ್ಧ ಹೋಳಿಗೆಯನ್ನು ಮಾತ್ರೆ ನುಂಗಿದ ಹಾಗೆ ನುಂಗಿದರು. ತೇಜು ತುಪ್ಪವನ್ನು ತಟ್ಟೆಯ ಅಂಚಿಗೆ ಒರೆಸುತ್ತಾ ಕೂತ. ಸರ್ವಮಂಗಳ ಒಂದು ತುತ್ತು ಬಾಯಿಗಿಟ್ಟವಳೇ ಅಳೋಕೆ ಶುರು ಮಾಡಿದಳು. ಇಂಚರ ಅಮ್ಮನ ಮುಖ ನೋಡುತ್ತಾ ಅಗಿಯುವುದನ್ನೇ ಮರೆತಳು. ಕೈ ತೊಳೆದೆವು. ಗೋಡೆ ಮಿಸುಕಲಿಲ್ಲ.

ಅತ್ತೆ ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟು ನಿಂತರು. "ಇದೇ ಕೈ, ಇದೇ ಹೂರಣ. ನಾನು ಈ ಮನೆಗೆ ಬಂದಾಗ ಈ ಗೋಡೆ ಒಲೆಗೆ ತಾಗಿಕೊಂಡಿತ್ತು" ಅಂದರು. ಆಮೇಲೆ ಕಾಯಿ ಹೋಳಿಗೆ ಮಾಡಿದರು, ಶಾವಿಗೆ ಪಾಯಸ ಮಾಡಿದರು, ಹಾಲುಬಾಯಿ ಮಾಡಿದರು. ಪ್ರತಿ ಸಲವೂ ನಾವು ಕರ್ತವ್ಯ ಅನ್ನುವ ಹಾಗೆ ತಿಂದೆವು, ಪ್ರತಿ ಸಲವೂ ಗೋಡೆ ಇದ್ದಲ್ಲೇ ಇತ್ತು. "ಆ ಬಂಡಿಯವನು ಎಲ್ಲರ ನಾಲಿಗೆ ಕೆಡಿಸಿಟ್ಟಿದ್ದಾನೆ" ಅಂತ ಬೈದರೂ ಅವರ ಧ್ವನಿಯಲ್ಲಿ ಮೊದಲಿನ ಕಸುವಿರಲಿಲ್ಲ.

"ಅತ್ತೆ, ಇನ್ನು ನನಗೆ ಬಿಡಿ" ಅಂದೆ. "ಏನು ಮಾಡ್ತೀಯಾ?" "ಗೋಬಿ ತರ್ತೀನಿ." "ಗೋಬಿಗೆ ಗೋಡೆ ಸರಿದ ಚರಿತ್ರೆ ಈ ಊರಲ್ಲಿದೆಯೇನೇ?" "ಇಲ್ಲದಿದ್ರೆ ನಾಳೆಯಿಂದ ಇರುತ್ತೆ" ಅಂದೆ. ಅಷ್ಟು ಧೈರ್ಯ ಇತ್ತು ನನಗೆ. ಮರುದಿನ ಕೌಂಟರು ಮುಚ್ಚಿದವಳೇ ಹೋಗಿ ಆರು ಪ್ಲೇಟು ಪಾರ್ಸೆಲ್ ಕಟ್ಟಿಸಿಕೊಂಡು, ಎದುರು ಸಿಕ್ಕವರಿಗೆಲ್ಲ "ಇವತ್ತು ನಮ್ಮನೆ ಗೋಡೆ ನೋಡ್ತಾ ಇರಿ" ಅಂತ ಹೇಳಿಕೊಂಡು ಮನೆಗೆ ಬಂದೆ. ಎಲ್ಲರೂ ಕೂತೆವು. ತೇಜು ಸೀಮೆಸುಣ್ಣದಿಂದ ಗೋಡೆಯ ಬುಡದಲ್ಲಿ ಗೆರೆ ಎಳೆದ. ಪೊಟ್ಟಣದೊಳಗೆ ಹಬೆಯಾಡಿ ಗೋಬಿ ಮೆತ್ತಗಾಗಿತ್ತು, ಕಾಗದದ ವಾಸನೆ ಹಿಡಿದಿತ್ತು. ಒಬ್ಬರೂ ತಟ್ಟೆ ನೋಡಲಿಲ್ಲ, ಆರೂ ಜನ ಗೋಡೆಯನ್ನೇ ನೋಡುತ್ತಾ ತಿಂದೆವು. ಎದುರು ಮನೆಯಾಕೆ ಕಿಟಕಿಯಲ್ಲಿ ಮುಖ ತೂರಿಸಿ, "ಸರೀತೇನ್ರೀ?" ಅಂತ ಕೇಳಿದಳು. ಸರಿಯಲಿಲ್ಲ. ಸೀಮೆಸುಣ್ಣದ ಗೆರೆ ನನ್ನನ್ನೇ ನೋಡುತ್ತಿತ್ತು. "ನೋಡಿದೆಯಾ?" ಅಂದರು ಅತ್ತೆ. ಗೆದ್ದವರ ಮಾತಲ್ಲ ಅದು. ಅವರಿಗೂ ಗೋಡೆ ಸರಿಯಬೇಕಿತ್ತಲ್ಲ.

ನನಗೆ ನಾಚಿಕೆಗಿಂತ ಸಿಟ್ಟು ಜಾಸ್ತಿ ಬಂದಿತ್ತು. ವಿಶೇಷ ಅಲ್ಲದಿದ್ದರೆ ಬಂಡಿ ಹತ್ತಿರ ನನ್ನ ಎದೆ ಹಗುರಾಗುವುದು ಯಾಕೆ, ನಾನೇನು ಸುಳ್ಳುಬುರುಕಿಯಾ ಅಂತ ಮರುದಿನವೆಲ್ಲ ಒಳಗೊಳಗೇ ಜಗಳವಾಡಿದೆ. ಅವತ್ತು ಕಿಟಕಿಗೆ ಬಂದ ಅರ್ಧ ಊರು ಬಿಲ್ಲು ಕೊಡುವ ಮೊದಲು ನನ್ನ ಗೋಡೆಯ ಯೋಗಕ್ಷೇಮ ವಿಚಾರಿಸಿತು. ದಿನಗಳು ಹಾಗೇ ಹೋದವು. ಹಾಸ್ಟೆಲ್ಲಿಗೆ ಹೋಗುವ ದಿನ ಬಂದೇಬಿಟ್ಟಿತು. ಬೆಳಿಗ್ಗೆ ಬಸ್ಸು. ಹಿಂದಿನ ಸಂಜೆ ಸರ್ವಮಂಗಳ ಮಗುವಿನ ಹಾಸಿಗೆ ಸುತ್ತಿ ಹಗ್ಗ ಕಟ್ಟುತ್ತಿದ್ದಳು. ನಾನು ಇಂಚರಳನ್ನು ಹತ್ತಿರ ಕೂರಿಸಿಕೊಂಡು, "ಇವತ್ತು ಏನು ತಿಂತೀಯಾ ಕಂದಾ? ಏನು ಕೇಳಿದ್ರೂ ಮಾಡ್ತೀನಿ" ಅಂದೆ. ಅವಳು ಸ್ವಲ್ಪ ಯೋಚಿಸಿ, "ಅತ್ತೆ, ಮನೆಗೆ ತರೋದು ಬೇಡ. ಆ ಬಂಡಿ ಹತ್ರಾನೇ ಹೋಗೋಣ. ಅವರು ಬಾಣಲೆ ಎತ್ತಿ ಗೋಬಿ ಹಾರಿಸ್ತಾರಂತಲ್ಲ, ತೇಜು ಹೇಳ್ದ. ಅದನ್ನ ನೋಡ್ಬೇಕು" ಅಂದಳು. ಬಂದು ಇಷ್ಟು ದಿನವಾಗಿದ್ದರೂ ಆ ಮಗು ತನಗೆ ಇದು ಬೇಕು ಅಂತ ಬಾಯಿ ಬಿಟ್ಟು ಕೇಳಿದ್ದು ಅದೇ ಮೊದಲು.

ಎಲ್ಲರೂ ಹೊರಟೆವು. ಅತ್ತೆ ಬಾಗಿಲಲ್ಲೇ ನಿಲ್ಲುತ್ತಾರೆ ಅಂದುಕೊಂಡಿದ್ದೆ. ಅವರು ಸೀರೆ ಬದಲಾಯಿಸಿಕೊಂಡು ಬಂದು ಚಪ್ಪಲಿ ಹುಡುಕಿದರು. "ನೀವೂ ಬರ್ತೀರಾ?" ಅಂದೆ. "ಮಗು ನಾಳೆ ಹೋಗುತ್ತೆ, ನಾನು ಮನೇಲಿ ಕೂತು ಗೋಡೆ ನೋಡ್ಲಾ? ತಿನ್ನೋಕಲ್ಲ ಬರೋದು, ಜೊತೆಗೆ ಬರ್ತೀನಿ ಅಷ್ಟೇ" ಅಂತ ನನ್ನ ಮೇಲೇ ರೇಗಿದರು.

ಅವರನ್ನು ಕಂಡ ಓಬಳೇಶ ಕೈಯಲ್ಲಿದ್ದ ಸೌಟು ಕೆಳಗಿಟ್ಟ. "ಅಮ್ಮಾವ್ರೇ, ನೀವಾ!" ಅಂದವನೇ ಬೆಂಚನ್ನು ಒಂದು ಸಲ ಒರೆಸಿ, ಸಾಲದು ಅಂತ ಹೆಗಲ ಮೇಲಿನ ಟವೆಲ್ಲಿನಿಂದ ಇನ್ನೊಂದು ಸಲ ಒರೆಸಿದ. "ನಾನೇ. ಮಕ್ಕಳಿಗೆ ಮಾಡು. ಆದ್ರೆ ಆ ಕೆಂಪು ಬಣ್ಣ ಹಾಕಬೇಡ" ಅಂದರು ಅತ್ತೆ. "ಬಣ್ಣ ಇಲ್ದಿದ್ರೆ ಇದು ಗೋಬಿ ಅಂತ ಗೋಬೀನೇ ಒಪ್ಪಲ್ಲ ಅಮ್ಮಾವ್ರೇ." "ಮಾತು ಬೇರೆ ಕಲ್ತಿದ್ದೀಯಾ. ಹೂಕೋಸನ್ನ ಉಪ್ಪು ನೀರಲ್ಲಿ ಹಾಕಿದ್ದೆಯಾ? ಅದರಲ್ಲಿ ಹುಳ ಇರುತ್ತೆ." "ಬಿಸಿನೀರು, ಉಪ್ಪು, ಅರಿಶಿನ, ಎಲ್ಲಾ ಆಗಿದೆ." ಅತ್ತೆಗೆ ಸಮಾಧಾನವಾಗಲಿಲ್ಲ. ಬೆಂಚಿನಿಂದ ಎದ್ದು ಹೋಗಿ ಬಂಡಿಯ ಪಕ್ಕದಲ್ಲಿ ನಿಂತು ಹಿಟ್ಟಿನ ಹದ ನೋಡಿದರು, ಗಟ್ಟಿಯಾಯಿತು ಅಂದರು, ಅವನು ನೀರು ಹಾಕಿದ ಮೇಲೆ ತೆಳುವಾಯಿತು ಅಂದರು. ಅಷ್ಟರಲ್ಲಿ ಅವನು ಸಾಸು ಸುರಿದು ಬಾಣಲೆ ಎತ್ತಿ ಆಡಿಸಿದ. ಬೆಂಕಿ ಭಗ್ ಅಂತ ಮೇಲೆದ್ದಿತು. ಅತ್ತೆ, "ಅಯ್ಯೋ ಶಿವನೇ, ಹತ್ತಿಕೊಂಡ್ತು ಕಣೋ, ನೀರು ತಗೊಂಬಾ!" ಅಂತ ಕೂಗುತ್ತಾ ಹಿಂದಕ್ಕೆ ಹಾರಿ ಮಗನ ಕಾಲು ತುಳಿದರು.

ಇಂಚರ ನಕ್ಕಳು. ಬಾಯಿ ಮುಚ್ಚಿಕೊಂಡು ನಗುವ ನಗೆಯಲ್ಲ, ಬೆಂಚಿನ ಮೇಲೆ ಹತ್ತಿ ನಿಂತು ಎರಡೂ ಕೈ ಚಾಚಿ, "ಇನ್ನೊಂದ್ಸಲ! ಇನ್ನೊಂದ್ಸಲ ಹಾರಿಸಿ!" ಅಂತ ಕೂಗುವ ನಗೆ. ಓಬಳೇಶನಿಗೂ ಹುರುಪು ಬಂತು, ಗೋಬಿಯನ್ನು ಇನ್ನೂ ಎತ್ತರಕ್ಕೆ ಹಾರಿಸಿದ. ಪ್ಲೇಟುಗಳು ಬಂದವು. ಅತ್ತೆ ಒಂದು ಹಲ್ಲುಕಡ್ಡಿ ಹಿಡಿದುಕೊಂಡು, ಮಗು ತಿನ್ನುವುದು ಖಾರವಾ ಹೇಗೆ ಅಂತ ನೋಡಬೇಕಲ್ಲ ಅನ್ನುವ ನೆಪದಲ್ಲಿ ಒಂದು ತುಂಡು ಚುಚ್ಚಿದರು. ಅದು ಜಾರಿ ಸೀರೆಯ ಮೇಲೆ ಬಿತ್ತು. ಇನ್ನೊಂದು ಚುಚ್ಚಿದರು. ಬಿಸಿಗೆ ಬಾಯಿ ತೆರೆದು ಹಾ ಹೂ ಅಂದರು, ಕಣ್ಣಲ್ಲಿ ನೀರು ಬಂತು, ನುಂಗಿದರು. ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು. "ಏನು ನೋಡ್ತೀರಾ? ಈರುಳ್ಳಿ ಸ್ವಲ್ಪ ಜಾಸ್ತಿ ಹಾಕಪ್ಪಾ" ಅಂತ ಪ್ಲೇಟನ್ನೇ ಮುಂದೆ ಒಡ್ಡಿದರು. ಅವರ ಮೂಗಿನ ತುದಿಗೆ ಸಾಸು ಮೆತ್ತಿಕೊಂಡಿತ್ತು. ಅದನ್ನು ಕಂಡು ಸರ್ವಮಂಗಳಳಿಗೆ ನಗು ತಡೆಯಲಾಗದೆ ಖಾರ ನೆತ್ತಿಗೇರಿತು. ಕೆಮ್ಮುತ್ತಾ ನಗುತ್ತಾ ನನ್ನ ಭುಜದ ಮೇಲೆ ಬಿದ್ದಳು. ನಾನು ಅವಳ ಬೆನ್ನು ತಟ್ಟುತ್ತಾ, ನಾಳೆ ಬೆಳಗಿನ ಬಸ್ಸು ಅನ್ನುವುದನ್ನು ಅಷ್ಟು ಹೊತ್ತು ಸಂಪೂರ್ಣವಾಗಿ ಮರೆತಿದ್ದೆ.

ನಮ್ಮ ಕೊನೆಯ ಪ್ಲೇಟು ಇಳಿಸುವಾಗ ಸಿಲಿಂಡರು ಖಾಲಿಯಾಗಿ ಒಲೆ ಆರಿತು. ಬೋರ್ ಅಂತ ಹೊಡೆದುಕೊಳ್ಳುತ್ತಿದ್ದ ಆ ಒಲೆಯ ಸದ್ದು ನಿಂತು, ಬಂಡಿಯ ಸುತ್ತ ಒಮ್ಮೆಲೇ ಮೌನವಾಯಿತು. ನಾವು ಕೈ ಒರೆಸಿಕೊಂಡು ಏಳುವಷ್ಟರಲ್ಲಿ, ಗರ್ ಅಂತ ಕೇಳಿಸಿತು. ಆ ಸದ್ದನ್ನು ಗುರುತಿಸದವರು ನಮ್ಮೂರಲ್ಲಿ ಯಾರೂ ಇಲ್ಲ. ಬೆಂಚು ನಮ್ಮನ್ನು ಹೊತ್ತುಕೊಂಡೇ ಹಿಂದಕ್ಕೆ ಹೋಯಿತು. ನೀರಿನ ಲೋಟ ಕೊಡಲು ಕೈ ಚಾಚಿದ್ದ ಓಬಳೇಶನಿಗೆ ನಾವು ಎಟುಕಲಿಲ್ಲ. ಅವನು ಲೋಟ ಹಿಡಿದುಕೊಂಡು ನಡೆದೇ ಬಂದು, "ದಿನಾ ಇದೇ ಗೋಳು ಅಮ್ಮಾವ್ರೇ. ಸಂಜೆ ರಶ್ಶಲ್ಲಿ ಬೆಂಚು ದೂರ ಹೋಗ್ತಾನೇ ಇರುತ್ತೆ. ಜನ ಎಳ್ಕೊಂಡು ಹೋಗ್ತಾರೆ ಅಂತ ನಾನು ವಾಪಸ್ ಎಳ್ಕೋತೀನಿ. ಇವತ್ತು ಅದೇನೋ ಸದ್ದು ಬೇರೆ ಬಂತಲ್ಲ" ಅಂದ. ಒಲೆಯ ಗದ್ದಲದಲ್ಲಿ ಅವನಿಗೆ ಇಷ್ಟು ವರ್ಷ ಆ ಸದ್ದು ಕೇಳಿಸಿಯೇ ಇರಲಿಲ್ಲ.

ನಾನು ಸುತ್ತ ನೋಡಿದೆ. ನಾನು ಮದುವೆಯಾಗಿ ಬಂದಾಗ ಅಂಚೆ ಕಚೇರಿಗೂ ಎಣ್ಣೆ ಗಾಣಕ್ಕೂ ನಡುವೆ ಇದ್ದದ್ದು ಒಂದು ಸಂದಿ, ಎರಡು ಸೈಕಲ್ಲು ಎದುರಾದರೆ ಒಂದು ಹಿಂದೆ ಹೋಗಬೇಕಿತ್ತು. ಈಗ ಅಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. ಪುರಸಭೆಯವರು ರಸ್ತೆ ಅಗಲ ಮಾಡಿಸಿದ್ದಾರೆ ಅಂತ ನಾವು ಅಂದುಕೊಂಡಿದ್ದೆವು, ಪುರಸಭೆಯವರೂ ಹೌದು ಅಂತ ಭಾಷಣದಲ್ಲಿ ಹೇಳಿಕೊಂಡಿದ್ದರು! ಊರಿನ ಮನೆಮನೆಯವರೂ ಇಲ್ಲಿ ಬಂದು ನಿಂತು, ನಕ್ಕು, ತಿಂದು ಹೋಗಿದ್ದಾರೆ. ಗೋಡೆ ಸರಿಯಲಿ ಅಂತ ಕಾಯುವುದಕ್ಕೆ ಮಾತ್ರ ಪಾರ್ಸೆಲ್ ಕಟ್ಟಿಸಿಕೊಂಡು ಮನೆಗೆ ಓಡಿದ್ದಾರೆ. ನಾನೂ ಓಡಿದ್ದೆನಲ್ಲ. ಖುಷಿಪಟ್ಟದ್ದು ಇಲ್ಲಿ, ಕಾದು ಕೂತದ್ದು ಅಲ್ಲಿ. "ಅತ್ತೆ! ಸರೀತು! ಇಲ್ಲಿ ಸರೀತು!" ಅಂತ ಕಿರುಚಿದೆ. ಅತ್ತೆ ಮೂಗು ಒರೆಸಿಕೊಳ್ಳುತ್ತಾ ಹೊಸದಾಗಿ ತೆರೆದ ನೆಲವನ್ನು ನೋಡುತ್ತಾ ಕೂತಿದ್ದರು.

ಬೆಳಿಗ್ಗೆ ಬಸ್ಸಿನ ಹೊತ್ತಿಗೆ ನಾನು ಸರ್ವಮಂಗಳಳ ಕೈಯಿಂದ ಟ್ರಂಕು ಕಿತ್ತುಕೊಂಡೆ. "ಕೆಳಗಿಡೇ ಅದನ್ನ. ನಮ್ಮೂರಿನ ಕಟ್ಟಳೆ ಏನು? ಯಾರು ತಿಂದು ಜಾಗ ಸರೀತೋ ಆ ಜಾಗ ಅವರದ್ದು. ನಿನ್ನೆ ಸರಿದದ್ದು ನಮ್ಮದು. ಅಲ್ಲಿ ನಿನಗೆ, ನಿನ್ನ ಮಗಳಿಗೆ ಒಂದು ಕೋಣೆ ಏಳುತ್ತೆ" ಅಂದೆ. ಅತ್ತೆಯನ್ನೂ ಕರೆದುಕೊಂಡು ನಾವೆಲ್ಲ ಬಂಡಿಯ ಹತ್ತಿರ ಹೋಗುವಷ್ಟರಲ್ಲಿ ಊರಿಗೆ ಊರೇ ಅಲ್ಲಿತ್ತು. ಓಬಳೇಶನ ಬಾಯಿ ಸುಮ್ಮನಿರುವ ಬಾಯಲ್ಲ. ಬಂಡಿ ತಿಂಡಿ ಮುಟ್ಟುವುದೇ ಇಲ್ಲ ಅಂತ ಆಣೆ ಇಡುತ್ತಿದ್ದವರೆಲ್ಲ ನಾವೂ ತಿಂದಿದ್ದೇವೆ, ನಮಗೂ ಪಾಲಿದೆ ಅಂತ ಮುಂದೆ ಬಂದಿದ್ದರು. ಬೆಳ್ಳುಳ್ಳಿ ಸೋಕಿದರೆ ಸ್ನಾನ ಮಾಡುವ ಮೇಷ್ಟ್ರೊಬ್ಬರು, "ನಮ್ಮ ಮನೆಯವರೆಲ್ಲ ಪ್ರತಿ ಶನಿವಾರ ಬರ್ತಿದ್ವಿ, ಓಬಳೇಶನನ್ನೇ ಕೇಳಿ" ಅಂತ ಕೂಗುತ್ತಿದ್ದರು.

ನಮ್ಮ ವಾರ್ಡಿನ ಮೆಂಬರು ಚನ್ನಬಸಪ್ಪನವರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಅಲ್ಲಿ ಸಾಲಾಗಿ ಮಳಿಗೆ ಕಟ್ಟಿಸಬೇಕು ಅಂತ ಅವರಿಗೆ ಆಸೆ ಇತ್ತು, ಅದು ಎಲ್ಲರಿಗೂ ಗೊತ್ತು. "ನೋಡಿ ಚಂದ್ರಕಲಮ್ಮ" ಅಂದರು, "ವಿಶೇಷ ತಿಂದು ಸರಿದ ಜಾಗ ತಿಂದವರದ್ದು, ನಾನು ಇಲ್ಲ ಅನ್ನಲ್ಲ. ಆದ್ರೆ ಬಂಡಿ ತಿಂಡಿ ವಿಶೇಷ ಅಲ್ಲ. ಹಾಗಂತ ಹೇಳಿದೋನು ನಾನಲ್ಲ, ನಿಮ್ಮತ್ತೇನೇ. ಊರು ಇಷ್ಟು ವರ್ಷ ನಡ್ಕೊಂಡಿರೋದು ಅವರ ಮಾತಿನ ಮೇಲೆ. ಅಲ್ಲ ಅಂದ್ಮೇಲೆ ಇದು ಪುರಸಭೆ ಜಾಗ. ಹೌದು ಅಂತ ಅವರ ಬಾಯಲ್ಲೇ ಬರಲಿ, ಇಷ್ಟು ಜನರ ಮುಂದೆ. ಬಂದ್ರೆ ಮೊದಲನೇ ಕೋಣೆ ನಿಮ್ಮ ಮಗೂಗೆ, ಉಳಿದದ್ದು ಆಮೇಲೆ ಮಾತಾಡೋಣ. ಬರದಿದ್ರೆ ಎಲ್ಲರೂ ಮನೆಗೆ ನಡೀರಿ." ಹೇಳುವಾಗ ಅವರ ಮುಖದಲ್ಲಿ ನಗು ಇತ್ತು. ಪುಟ್ಟಗೌರಮ್ಮನ ಬಾಯಲ್ಲಿ ಆ ಮಾತು ಬರುವುದಿಲ್ಲ ಅಂತ ಅವರಿಗೆ ಖಾತ್ರಿ ಇತ್ತು.

ಸುಳ್ಳು ಯಾಕೆ, ನನಗೂ ಹೆದರಿಕೆಯಾಯಿತು. ಗಂಡ ಸತ್ತಾಗಲೂ ಜನರೆದುರು ಕಣ್ಣೀರು ಹಾಕದ ಹೆಂಗಸು ಅದು. ಹೌದು ಅಂದರೆ ನಾಳೆಯಿಂದ ಯಾವ ಸೊಸೆಯೂ ಅಮ್ಮಾ ಏನು ಮಾಡ್ಲಿ ಅಂತ ನಮ್ಮ ಮೆಟ್ಟಿಲು ಹತ್ತುವುದಿಲ್ಲ. ಮದುವೆ ಮನೆಗಳಲ್ಲಿ ಅವರಿಗೆ ಅಂತ ತೆಗೆದಿಡುವ ಮೊದಲ ಎಲೆ ಇರುವುದಿಲ್ಲ. ಅವರಿಗೆ ಓದಿಲ್ಲ, ಒಡವೆ ಇಲ್ಲ, ಇದ್ದದ್ದು ಆ ಒಂದು ಮಾತಿನ ತೂಕ. ಅವರ ಬದಲು ನಾನೇ ಏನಾದರೂ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಅತ್ತೆ ನನ್ನ ಕಡೆ ನೋಡದೆ ಕೈ ಅಡ್ಡ ಹಿಡಿದರು.

"ಚನ್ನಬಸಪ್ಪಾ" ಅಂದರು. "ನಿಮ್ಮನೆ ಪಡಸಾಲೆ ಯಾವುದಕ್ಕೆ ಸರೀತು, ಜ್ಞಾಪಕ ಇದೆಯಾ?" "ಇದೆ ಅಮ್ಮಾ. ನೀವು ಹೇಳಿಕೊಟ್ಟ ಹಾಲುಬಾಯಿಗೆ." "ಹಂಗಾದ್ರೆ ಇದನ್ನೂ ಕೇಳಿಸ್ಕೋ. ಎಲ್ಲರೂ ಕೇಳಿಸ್ಕೊಳ್ಳಿ. ಇದು ನನ್ನ ಮೊಮ್ಮಗಳು. ಇವಳಿಗೆ ಒಂದು ಕೋಣೆ ಬೇಕು ಅಂತ ನಾನು ಸೊಂಟ ಹಿಡ್ಕೊಂಡು ನಾಲ್ಕು ಸಲ ಒಲೆ ಮುಂದೆ ಕೂತೆ. ಗೋಡೆ ಅಲ್ಲಾಡಲಿಲ್ಲ. ನಿನ್ನೆ ಇವನು ಹೂಕೋಸಿಗೆ ಹಿಟ್ಟು ಮೆತ್ತಿ ಎಣ್ಣೇಲಿ ಬಿಟ್ಟ, ಸರೀತು. ನಾನೂ ತಿಂದೆ. ಚೆನ್ನಾಗಿತ್ತು." ಸೆರಗು ಸಿಕ್ಕಿಸಿಕೊಂಡು ಇನ್ನೂ ಗಟ್ಟಿಯಾಗಿ ಹೇಳಿದರು. "ನನ್ನ ಕೈ ಸೋತಿದೆ, ಇವನ ಕೈ ಗೆದ್ದಿದೆ. ಇದು ವಿಶೇಷ ಅಲ್ಲ ಅಂತ ಇಷ್ಟು ವರ್ಷ ಹೇಳಿದೋಳು ನಾನು, ನನಗೆ ಗೊತ್ತಿರಲಿಲ್ಲ. ಇದು ವಿಶೇಷವೇ. ಇನ್ಮೇಲೆ ಯಾರೂ ನನ್ನ ಕೇಳೋಕೆ ಬರಬೇಡಿ. ಈಗ ಮಗೂಗೆ ಜಾಗ ಬಿಡಿ."

ನನಗೆ ಅಳು ಬಂತು. ಅಷ್ಟು ಜನರ ಮುಂದೆ, ಮೂಗು ಸೊರಸೊರ ಅನ್ನಿಸಿಕೊಂಡು ಅತ್ತುಬಿಟ್ಟೆ, ನಾಚಿಕೆಪಡಲಿಲ್ಲ. ಸರ್ವಮಂಗಳ ತಾಯಿಯ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಚನ್ನಬಸಪ್ಪನವರ ಮುಖದ ನಗು ಎಲ್ಲಿ ಹೋಯಿತೋ. ಮೊದಲು ಹಿಂದೆ ಸರಿದವನು ಓಬಳೇಶ, ಬಂಡಿಯನ್ನೇ ತಳ್ಳಿಕೊಂಡು ಸರಿದ. ಆಮೇಲೆ ಮೇಷ್ಟ್ರು ಪಂಚೆ ಎತ್ತಿಕೊಂಡು ಹಿಂದೆ ಹೋದರು, ಅವರ ಮನೆಯವರನ್ನೂ ಕೈ ಹಿಡಿದು ಎಳೆದರು. ಎದುರು ಮನೆಯಾಕೆ ಸರಿದಳು. ಪಾಲು ಪಾಲು ಅಂತ ಕೂಗಿದವರು ಒಬ್ಬರ ಕಾಲು ಒಬ್ಬರು ತುಳಿಯುತ್ತಾ ಸರಿದರು. ಕೊನೆಗೆ ಚನ್ನಬಸಪ್ಪನವರೂ ತಲೆ ತಗ್ಗಿಸಿ ಹಿಂದಕ್ಕೆ ಹೆಜ್ಜೆ ಇಟ್ಟರು. ಅಷ್ಟು ಜನರ ನಡುವೆ ಒಂದು ಕೋಣೆಯಷ್ಟು ನೆಲ ಖಾಲಿ ಉಳಿಯಿತು. ಇಂಚರ ಅಜ್ಜಿಯ ಸೆರಗು ಬಿಟ್ಟು ಮುಂದೆ ಹೋದಳು. ಜನ ಬಿಟ್ಟ ಜಾಗದ ಅಂಚಿನಲ್ಲಿ ನಿಂತು, ಚಪ್ಪಲಿ ಕಳಚಿ ಜೋಡಿಸಿಟ್ಟು, ಒಳಗೆ ಹೋಗಿ ಕಾಲು ಚಾಚಿ ಕೂತಳು.